ಸೈರನ್ ಇತ್ತು, ಕೂಗಲಿಲ್ಲ

ನಗರಗಳಿಗೆ ಕುಡಿಯುವ ನೀರು ಪೂರೈಸುವ ಬಹಳಷ್ಟು ಶುದ್ಧೀಕರಣ ಘಟಕಗಳಲ್ಲಿ ಒಂದು ಪ್ರತ್ಯೇಕ ಶೆಡ್ ಇರುತ್ತದೆ. ಒಳಗೆ ಆಳುದ್ದದ ದಪ್ಪನೆಯ ಉಕ್ಕಿನ ಸಿಲಿಂಡರ್‌ಗಳನ್ನು ಸಾಲಾಗಿ ಅಡ್ಡ ಮಲಗಿಸಿರುತ್ತಾರೆ. ಅಲ್ಲಿ ಕೆಲಸ ಮಾಡುವವರ ಬಾಯಲ್ಲಿ ಅವು ‘ಟನ್ನರ್’. ಒಂದೊಂದರಲ್ಲೂ 900 ಕಿಲೋ ಕ್ಲೋರಿನ್, ಒತ್ತಡಕ್ಕೆ ದ್ರವವಾಗಿ ಕೂತಿರುತ್ತದೆ. 1989ರಲ್ಲಿ ಬಂದ ‘ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳ’ ಕೋಷ್ಟಕದಲ್ಲಿ ಕ್ಲೋರಿನ್ ಎದುರು ಎರಡು ಅಂಕಿಗಳಿವೆ: 10 ಟನ್ ಮತ್ತು 25 ಟನ್. ಒಂದು ಜಾಗದಲ್ಲಿ ಹತ್ತು ಟನ್ ಮುಟ್ಟಿತೆಂದರೆ ಜವಾಬ್ದಾರಿಗಳ ಮೊದಲ ಕಂತು ಶುರು. ಸ್ಥಳದ ವಿವರವನ್ನು ಅಧಿಕಾರಿಗಳಿಗೆ ಮೊದಲೇ ಒಪ್ಪಿಸಬೇಕು, ಆವರಣದೊಳಗಿನ ತುರ್ತು ಯೋಜನೆ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಮಾಕ್ ಡ್ರಿಲ್ ನಡೆಸಬೇಕು, ಕಾಂಪೌಂಡಿನ ಆಚೆ ವಾಸಿಸುವವರಿಗೆ ಅಪಾಯ ಏನೆಂದು ತಿಳಿಸಬೇಕು. ಇಪ್ಪತ್ತೈದು ಟನ್ ದಾಟಿದರೆ ಸುರಕ್ಷತಾ ವರದಿ, ಹೊರಗಿನ ತಜ್ಞರಿಂದ ಆಡಿಟ್.

ಈಗ ಲೆಕ್ಕ ಹಾಕಿ. ಹನ್ನೊಂದು ಟನ್ನರ್ ಇಟ್ಟುಕೊಂಡರೆ 9.9 ಟನ್. ಹನ್ನೆರಡನೆಯದನ್ನು ಲಾರಿಯಿಂದ ಇಳಿಸಿದ ಕೂಡಲೇ 10.8. ಹನ್ನೊಂದಕ್ಕೇ ನಿಲ್ಲಿಸಿದವರಿಗೆ ಗ್ಯಾಸ್ ಸಿಲಿಂಡರ್ ನಿಯಮಗಳು ಹೇಗೂ ತಪ್ಪುವುದಿಲ್ಲ, ಆದರೆ ಮೇಲೆ ಹೇಳಿದ ದೊಡ್ಡ ಬಾಬತ್ತುಗಳು ತಪ್ಪುತ್ತವೆ. ಯಾರೋ ಹೀಗೆ ಬೇಕೆಂದೇ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಇಲ್ಲವಾದರೆ ಬ್ಲೀಚಿಂಗ್ ಪೌಡರ್ ಮಾರುವ ಅಂಗಡಿಯೂ ವರದಿ ಬರೆಯಬೇಕಾಗುತ್ತದೆ. ಆದರೂ ಸೋರುವುದು ಹನ್ನೊಂದು ಟನ್ನರ್ ಅಲ್ಲ, ಸಾಮಾನ್ಯವಾಗಿ ಒಂದು. ಆ ಒಂದಕ್ಕೆ ಪಕ್ಕದಲ್ಲಿ ಇನ್ನೆಷ್ಟು ಮಲಗಿವೆ ಎಂಬುದರ ಪರಿವೆ ಇಲ್ಲ.

ಟನ್ನರ್ ಸೋರಿದಾಗ ಏನು ಮಾಡಬೇಕೆಂಬುದು ಹಳೆಯ ಆಪರೇಟರ್‌ಗಳಿಗೆ ಕರತಲಾಮಲಕ. ಕೋಲಿನ ತುದಿಗೆ ಬಟ್ಟೆ ಸುತ್ತಿ, ಅಮೋನಿಯಾ ದ್ರಾವಣದಲ್ಲಿ ಅದ್ದಿ, ವಾಲ್ವ್‌ಗಳ ಸುತ್ತ ಆಡಿಸುತ್ತಾರೆ. ಸೋರುವ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ಸೋರಿಕೆಯ ಮೇಲೆ ನೀರು ಸುರಿಯಬಾರದು. ನೀರು ಸೇರಿದ ಕ್ಲೋರಿನ್ ಆಮ್ಲವಾಗಿ ಉಕ್ಕನ್ನು ತಿಂದು ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಸಾಧ್ಯವಿದ್ದರೆ ತೂತು ಮೇಲ್ಮುಖವಾಗುವಂತೆ ಟನ್ನರನ್ನೇ ಉರುಳಿಸಬೇಕು. ತೂತು ಕೆಳಗಿದ್ದರೆ ಹೊರಬರುವುದು ದ್ರವ, ಮೇಲಿದ್ದರೆ ಬರೀ ಅನಿಲ. ಒಂದು ಲೀಟರ್ ದ್ರವ ಹಬೆಯಾದರೆ ನಾನೂರಕ್ಕೂ ಹೆಚ್ಚು ಲೀಟರ್ ಅನಿಲವಾಗುವುದರಿಂದ ಈ ಒಂದು ಉರುಳಿನಲ್ಲಿ ಬೀದಿಯ ಹಣೆಬರಹವೇ ಬದಲಾಗಬಹುದು. ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಹಾಗಾಗಿ ತಗ್ಗಿನತ್ತ ಹರಿಯುತ್ತದೆ, ಚರಂಡಿಗಿಳಿಯುತ್ತದೆ. ಓಡುವವರು ಎತ್ತರಕ್ಕೆ, ಗಾಳಿಗೆ ಅಡ್ಡಲಾಗಿ ಓಡಬೇಕು. ಶೆಡ್ಡಿನ ಮೇಲೆ ಹಾರಾಡುವ ಪಟ್ಟೆಪಟ್ಟೆಯ ಗಾಳಿಚೀಲ ಇರುವುದು ಅಲಂಕಾರಕ್ಕಲ್ಲ.

ಇದೆಲ್ಲ ಭಾರತೀಯ ಮಾನಕ ಬ್ಯೂರೋದ ಸಂಹಿತೆಗಳಲ್ಲೂ ತರಬೇತಿ ಪುಸ್ತಕಗಳಲ್ಲೂ ಇದೆ. ಕ್ಲೋರಿನ್‌ಗೆ ಐಎಸ್ 4263, ಅಮೋನಿಯಾಕ್ಕೆ ಐಎಸ್ 4544, ಸುರಕ್ಷತಾ ಆಡಿಟ್ ನಡೆಸುವ ಬಗೆಗೆ ಐಎಸ್ 14489. ನಮ್ಮಲ್ಲಿ ಸಂಹಿತೆಗಳಿಗೆ ಬರವಿಲ್ಲ. ಕಾರ್ಖಾನೆಗೆ ಬರುವ ಪ್ರತಿ ನಮೂನೆಯೂ ಕೇಳುವುದು ಒಂದೇ ಪ್ರಶ್ನೆ: ‘ವ್ಯವಸ್ಥೆ ಇದೆಯೇ?’ ಇದೆ ಎಂದು ಟಿಕ್ ಹಾಕಿದರೆ ಮುಗಿಯಿತು. ‘ಈ ರಾತ್ರಿ ಅದು ನಡೆಯುತ್ತಿದೆಯೇ?’ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲೂ ಇರುವುದಿಲ್ಲ. ಕಳೆದ ನಲವತ್ತು ವರ್ಷಗಳ ನಮ್ಮ ಎರಡು ದೊಡ್ಡ ದುರಂತಗಳು ಈ ಎರಡು ಪ್ರಶ್ನೆಗಳ ನಡುವಿನ ಸಂದಿಯಲ್ಲೇ ಸಂಭವಿಸಿದವು.

ಒಂದು ಟನ್‌ನಿಂದ 150 ಕಿಲೋಗೆ

ಕೋಷ್ಟಕದ ಅಂಕಿಗಳು ಎಲ್ಲಿಂದ ಬಂದವು ಎಂದು ಹುಡುಕಿಕೊಂಡು ಹೋದರೆ ಇಟಲಿಯ ಒಂದು ಊರು ಸಿಗುತ್ತದೆ. 1976ರ ಜುಲೈ 10ರಂದು ಮಿಲಾನ್ ಬಳಿಯ ರಾಸಾಯನಿಕ ಕಾರ್ಖಾನೆಯೊಂದರಿಂದ ಡಯಾಕ್ಸಿನ್ ಮೋಡ ಎದ್ದು ಸೆವೆಸೊ ಎಂಬ ಊರಿನ ಮೇಲೆ ಇಳಿಯಿತು. 1982ರಲ್ಲಿ ಯುರೋಪಿಯನ್ ಸಮುದಾಯ ಅದೇ ಊರಿನ ಹೆಸರಿನಿಂದ ಕರೆಯಲ್ಪಡುವ ನಿರ್ದೇಶನ ಹೊರಡಿಸಿತು. ಯಾವ ರಾಸಾಯನಿಕ ಎಷ್ಟು ಪ್ರಮಾಣದಲ್ಲಿದ್ದರೆ ಆ ಕಾರ್ಖಾನೆ ಸರ್ಕಾರದ ಕಣ್ಗಾವಲಿಗೆ ಬರಬೇಕೆಂದು ಅದರಲ್ಲಿ ಪಟ್ಟಿ ಇತ್ತು. ಆ ಪಟ್ಟಿಯಲ್ಲಿ ಮಿಥೈಲ್ ಐಸೊಸೈನೇಟ್ ಎಂಬ ಹೆಸರಿನ ಎದುರು ಇದ್ದ ಮಿತಿ ಒಂದು ಟನ್. 1987ರಲ್ಲಿ ಅದನ್ನು 150 ಕಿಲೋಗೆ ಇಳಿಸಿದರು. ನಡುವಿನ ಐದು ವರ್ಷಗಳಲ್ಲಿ ಆ ಹೆಸರು ಭೋಪಾಲದ ಮೂಲಕ ಹಾದುಹೋಗಿತ್ತು.

ಭೋಪಾಲದ ಯೂನಿಯನ್ ಕಾರ್ಬೈಡ್ ಘಟಕದ ಇ-610 ಎಂಬ ಒಂದೇ ತೊಟ್ಟಿಯಲ್ಲಿ ಆಗ ಇದ್ದದ್ದು ಸುಮಾರು 42 ಟನ್. 1984ರ ಡಿಸೆಂಬರ್ 2ರ ರಾತ್ರಿ ಆ ತೊಟ್ಟಿಗೆ ನೀರು ಸೇರಿತು. ನೀರು ಹೇಗೆ ಸೇರಿತು ಎಂಬುದರ ಬಗ್ಗೆ ಇಂದಿಗೂ ಎರಡು ವಾದಗಳಿವೆ. ಪೈಪು ತೊಳೆಯುವಾಗ ತಡೆತಟ್ಟೆ ಹಾಕದೆ ನೀರು ಹಿಂದಕ್ಕೆ ಹರಿಯಿತು ಎಂಬುದು ಒಂದು, ಯಾರೋ ಬೇಕೆಂದೇ ಸೇರಿಸಿದರು ಎಂಬ ಕಂಪನಿಯ ವಾದ ಇನ್ನೊಂದು. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ನೀರು ಸೇರಿದ ಮೇಲಿನ ಕಥೆ. ಏಕೆಂದರೆ ಇಂಥದ್ದೇನಾದರೂ ಆದರೆ ತಡೆಯಲೆಂದೇ ಅಲ್ಲಿ ಒಂದರ ಹಿಂದೊಂದು ಕೋಟೆ ಕಟ್ಟಿದ್ದರು.

ಮೊದಲನೆಯದು ಶೈತ್ಯೀಕರಣ ಯಂತ್ರ. ದ್ರವವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ನೀರು ಸೇರಿದರೂ ರಾಸಾಯನಿಕ ಕ್ರಿಯೆ ನಿಧಾನ, ಎಚ್ಚೆತ್ತುಕೊಳ್ಳಲು ಸಮಯ ಸಿಗುತ್ತದೆ. ಆ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿ ಅದರೊಳಗಿನ ಫ್ರಿಯಾನನ್ನು ತೆಗೆದು ಬೇರೆಡೆ ಬಳಸಿದ್ದರು. ಯಂತ್ರ ನಿಂತಮೇಲೆ ತೊಟ್ಟಿಯ ಉಷ್ಣತೆ ಸದಾ ಎಚ್ಚರಿಕೆಯ ಮಿತಿಗಿಂತ ಮೇಲೇ ಇರುತ್ತಿದ್ದುದರಿಂದ ಉಷ್ಣತೆಯ ಅಲಾರಂ ಕೂಡ ನಿರುಪಯುಕ್ತ. ಎರಡನೆಯದು ಅನಿಲವನ್ನು ಕಾಸ್ಟಿಕ್ ಸೋಡಾದಿಂದ ತೊಳೆಯುವ ಸ್ಕ್ರಬ್ಬರ್, ಅದು ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿತ್ತು. ಮೂರನೆಯದು ಅನಿಲವನ್ನು ಸುಡುವ ಫ್ಲೇರ್ ಗೋಪುರ. ತುಕ್ಕು ಹಿಡಿದ ಒಂದು ಪೈಪಿನ ತುಂಡನ್ನು ಬದಲಿಸಲೆಂದು ಬಿಚ್ಚಿದ್ದರು, ಮತ್ತೆ ಜೋಡಿಸಿರಲಿಲ್ಲ. ನಾಲ್ಕನೆಯದು ನೀರಿನ ಪರದೆ. ಅನಿಲ ಹೊರಬೀಳುತ್ತಿದ್ದ ಚಿಮಣಿಯ ಎತ್ತರ ಮೂವತ್ತು ಮೀಟರಿಗೂ ಹೆಚ್ಚು, ನೀರು ಚಿಮ್ಮಿದ್ದು ಅದರ ಅರ್ಧಕ್ಕೂ ತಲುಪಲಿಲ್ಲ. ಇನ್ನು ಸೈರನ್. ಊರಿಗೆ ಕೇಳುವಂಥ ಸೈರನ್ ಸ್ವಲ್ಪ ಹೊತ್ತು ಕೂಗಿತು, ಜನ ಗಾಬರಿಯಾಗಬಾರದೆಂದು ಅದನ್ನು ನಿಲ್ಲಿಸಿದರು. ಮತ್ತೆ ಅದು ಜೋರಾಗಿ ಕೂಗುವಷ್ಟರಲ್ಲಿ ಜೆ.ಪಿ. ನಗರದ ಬಡಾವಣೆಗಳಲ್ಲಿ ಜನ ಬೀದಿಗೆ ಬಿದ್ದಿದ್ದರು. ಮಧ್ಯಪ್ರದೇಶ ಸರ್ಕಾರ ದೃಢಪಡಿಸಿದ ಅನಿಲ ಸಾವುಗಳು 3,787. ಸಂತ್ರಸ್ತರ ಸಂಘಟನೆಗಳ ಅಂದಾಜು ಇದರ ಹಲವು ಪಟ್ಟು.

ಇದೇ ಕಾರ್ಖಾನೆಯನ್ನು 1982ರ ಮೇ ತಿಂಗಳಲ್ಲಿ ಅಮೆರಿಕದ ಮಾತೃಸಂಸ್ಥೆಯಿಂದ ಬಂದ ತಂಡ ಪರಿಶೀಲಿಸಿ ದೋಷಗಳ ಉದ್ದ ಪಟ್ಟಿ ಕೊಟ್ಟಿತ್ತು. ಬಹುಮಟ್ಟಿಗೆ ಸರಿಪಡಿಸಿದ್ದೇವೆ ಎಂಬ ಉತ್ತರಗಳೂ ಕಾಲಕಾಲಕ್ಕೆ ಹೋಗಿದ್ದವು. ಅದೇ ವರ್ಷದಿಂದ ರಾಜ್‌ಕುಮಾರ್ ಕೇಸ್ವಾನಿ ಎಂಬ ಪತ್ರಕರ್ತ ತಮ್ಮ ಪುಟ್ಟ ವಾರಪತ್ರಿಕೆ ‘ರಪಟ್’ನಲ್ಲಿ ಊರು ಜ್ವಾಲಾಮುಖಿಯ ಮೇಲೆ ಕೂತಿದೆ ಎಂದು ಬರೆಯುತ್ತಲೇ ಇದ್ದರು. ಆಡಿಟ್ ಇತ್ತು, ಉತ್ತರ ಇತ್ತು, ಎಚ್ಚರಿಕೆಯೂ ಇತ್ತು. ಕಡತ ನೋಡಿದವರಿಗೆ ಎಲ್ಲವೂ ಕ್ರಮಬದ್ಧ.

ದುರಂತದ ಮರುವರ್ಷ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ರಾಸಾಯನಿಕ ಘಟಕದಿಂದ ಓಲಿಯಂ ಎಂಬ ಉಗ್ರ ಆಮ್ಲ ಸೋರಿ ಒಬ್ಬ ವಕೀಲರು ತೀರಿಕೊಂಡರು. ಆ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ 1986ರಲ್ಲಿ ‘ಪೂರ್ಣ ಹೊಣೆಗಾರಿಕೆ’ಯ ತತ್ವವನ್ನು ನೆಲೆಗೊಳಿಸಿತು. ಅಪಾಯಕಾರಿ ಉದ್ಯಮ ನಡೆಸುವವನು ತಾನು ಎಚ್ಚರ ವಹಿಸಿದ್ದೆ ಎಂದು ಹೇಳಿ ಜಾರಿಕೊಳ್ಳುವಂತಿಲ್ಲ, ಹಾನಿಯಾದರೆ ಕೊಡಲೇಬೇಕು. ಆಮೇಲೆ ಕಾನೂನುಗಳ ಸುರಿಮಳೆ: 1986ರ ಪರಿಸರ ಕಾಯ್ದೆ, ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿದ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ, 1989ರ ನಿಯಮಗಳು, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆ, 1996ರ ರಾಸಾಯನಿಕ ಅಪಘಾತ ನಿಯಮಗಳು. ಕಾಗದದ ಮೇಲೆ ಭಾರತ ಯಾವ ದೇಶಕ್ಕೂ ಕಡಿಮೆಯಿಲ್ಲದಂತೆ ನಿಂತಿತು.

ಸಂಜೆ ಐದಕ್ಕೆ ಆರಿದ ಯಂತ್ರ

ಮೂವತ್ತಾರನೇ ವರ್ಷಕ್ಕೆ ಬನ್ನಿ. 2020ರ ಮೇ 7, ನಸುಕಿನ ಮೂರು ಗಂಟೆಯ ಹೊತ್ತು, ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂ. ಎಲ್‌ಜಿ ಪಾಲಿಮರ್ಸ್ ಘಟಕದ ಸ್ಟೈರೀನ್ ತೊಟ್ಟಿಯಿಂದ ಹಬೆ ಹೊರನುಗ್ಗಿತು. ಹನ್ನೆರಡು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಓಡುತ್ತ ಓಡುತ್ತಲೇ ರಸ್ತೆಯಲ್ಲಿ ಕುಸಿದವರ ವಿಡಿಯೋ ಆ ಬೆಳಿಗ್ಗೆ ಎಲ್ಲರ ಮೊಬೈಲಿಗೂ ಬಂದಿತ್ತು. ಆ ಘಟಕ 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂದು ಶುರುವಾಗಿ, 1978ರಲ್ಲಿ ನಮ್ಮ ಬೆಂಗಳೂರಿನ ಯುಬಿ ಸಮೂಹದ ಮೆಕ್‌ಡೊವೆಲ್ ಜೊತೆ ವಿಲೀನವಾಗಿ, 1997ರಲ್ಲಿ ಕೊರಿಯಾದ ಎಲ್‌ಜಿ ಕೈ ಸೇರಿತ್ತು. ಘಟಕ ಬಂದಾಗ ಸುತ್ತ ಬಯಲು, ಆಮೇಲೆ ಮನೆಗಳು. ಇದು ನಮ್ಮ ಎಲ್ಲ ಕೈಗಾರಿಕಾ ಪ್ರದೇಶಗಳ ಕಥೆಯೂ ಹೌದು.

ಸ್ಟೈರೀನ್ ಮಿಥೈಲ್ ಐಸೊಸೈನೇಟ್‌ನಂಥ ಉಗ್ರ ವಿಷವಲ್ಲ. ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ, ಥರ್ಮೋಕೋಲಿಗೆ ಅದೇ ಮೂಲವಸ್ತು. ಅದರ ಅಪಾಯ ಸ್ವಭಾವದಲ್ಲಿದೆ. ಸುಮ್ಮನೆ ಬಿಟ್ಟರೆ ಅಣುಗಳು ಒಂದಕ್ಕೊಂದು ಕೈ ಹಿಡಿದು ಸರಪಳಿಯಾಗತೊಡಗುತ್ತವೆ, ಹಾಗೆ ಹಿಡಿದಾಗ ಶಾಖ ಹೊಮ್ಮುತ್ತದೆ, ಶಾಖ ಹೆಚ್ಚಿದಷ್ಟೂ ಸರಪಳಿ ಬೇಗ ಬೆಳೆಯುತ್ತದೆ. ಇದನ್ನು ತಡೆಯಲು ಟಿಬಿಸಿ ಎಂಬ ತಡೆರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ, ತೊಟ್ಟಿಯನ್ನು ತಂಪಾಗಿಟ್ಟು, ಒಳಗಿನ ದ್ರವವನ್ನು ಸುತ್ತಾಡಿಸುತ್ತಿರಬೇಕು. ಮೂರರಲ್ಲಿ ಯಾವುದು ತಪ್ಪಿದರೂ ಕಷ್ಟ. ಮೂರೂ ತಪ್ಪಿದರೆ ಹೇಳುವುದೇನು.

ಆಂಧ್ರಪ್ರದೇಶ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಎರಡು ತಿಂಗಳಲ್ಲಿ ಕೊಟ್ಟ ವರದಿಯನ್ನು ಓದುತ್ತ ಹೋದರೆ ಮೈ ಜುಂ ಎನ್ನುವುದು ಹೊಸದೇನೋ ಗೊತ್ತಾಯಿತೆಂದಲ್ಲ, ಹಳೆಯದೇ ಮತ್ತೆ ಎದುರಾಯಿತೆಂದು. ತೊಟ್ಟಿಯ ಉಷ್ಣಮಾಪಕ ತಳದ ಬಳಿ ಮಾತ್ರ ಇತ್ತು. ತಳ ತಂಪಾಗಿದ್ದು ಮೇಲುಭಾಗ ಕುದಿಯುತ್ತಿದ್ದರೂ ಕಂಟ್ರೋಲ್ ರೂಮಿನ ಪರದೆಗೆ ತಿಳಿಯುವಂತಿರಲಿಲ್ಲ. ತಂಪುಗೊಳಿಸುವ ಯಂತ್ರವನ್ನು ಹಗಲು ನಡೆಸಿ ಸಂಜೆ ಐದಕ್ಕೆ ನಿಲ್ಲಿಸುವುದು ರೂಢಿ. ಲಾಕ್‌ಡೌನ್ ಕಾಲ, ಕಾರ್ಖಾನೆ ನಿಂತಿತ್ತು, ತೊಟ್ಟಿ ಮಾತ್ರ ತುಂಬಿತ್ತು. ಟಿಬಿಸಿ ದಾಸ್ತಾನು ಮುಗಿದುಹೋಗಿತ್ತು. ದ್ರವವನ್ನು ಸುತ್ತಾಡಿಸುವ ಪೈಪಿನ ವಿನ್ಯಾಸವನ್ನು ಹಿಂದಿನ ಡಿಸೆಂಬರಿನಲ್ಲಿ ಬದಲಿಸಿದ್ದರಿಂದ ಮೇಲಿನ ಪದರಕ್ಕೆ ತಂಪು ತಲುಪುತ್ತಲೇ ಇರಲಿಲ್ಲ. ಸ್ಟೈರೀನ್ ಕುದಿಯುವುದು 145 ಡಿಗ್ರಿಗೆ. ಆ ರಾತ್ರಿ ತೊಟ್ಟಿ ಅದನ್ನೂ ದಾಟಿತು.

ಕಾರ್ಖಾನೆಯ ಆವರಣದಲ್ಲಿ ಸೈರನ್ ಮೊಳಗಿಸಲು 36 ಕಡೆ ಗುಂಡಿಗಳಿದ್ದವು. ಒಂದು ಗೇಟಿನ ಬಳಿಯೇ ಇತ್ತು. ಒಂದನ್ನೂ ಒತ್ತಲಿಲ್ಲ.

ಈ 36ನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ತಪಾಸಣೆಗೆ ಬಂದ ಅಧಿಕಾರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಯಾವುದಿರುತ್ತದೆ? ‘ಅಲಾರಂ ವ್ಯವಸ್ಥೆ ಇದೆಯೇ?’ ‘ಇದೆ ಸರ್, ಮೂವತ್ತಾರು ಕಡೆ.’ ಗುಂಡಿ ಒತ್ತುವ ಅಧಿಕಾರ ರಾತ್ರಿಪಾಳಿಯ ಯಾರಿಗಿದೆ, ಒತ್ತಿದ ಮೇಲೆ ಅದು ಸುಳ್ಳು ಎಚ್ಚರಿಕೆ ಎಂದಾದರೆ ಬೆಳಿಗ್ಗೆ ಅವನಿಗೆ ಮೆಮೊ ಬರುತ್ತದೆಯೇ ಇಲ್ಲವೇ ಎಂಬುದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಗುತ್ತಿಗೆ ನೌಕರನೊಬ್ಬ ಇಡೀ ಊರನ್ನು ನಿದ್ದೆಯಿಂದ ಎಬ್ಬಿಸುವ ಧೈರ್ಯ ಮಾಡಬೇಕಾದರೆ ಆ ಧೈರ್ಯವನ್ನು ಯಾರಾದರೂ ಮೊದಲೇ ಅವನ ಕೈಗೆ ಬರೆದು ಕೊಟ್ಟಿರಬೇಕು.

ಇನ್ನೊಂದು ಸಂಗತಿ. ಆ ಘಟಕಕ್ಕೆ ಊರ್ಜಿತವಾದ ಪರಿಸರ ಅನುಮತಿ ಇಲ್ಲವೆಂದು ದುರಂತಕ್ಕೆ ಒಂದು ವರ್ಷ ಮೊದಲೇ ಕಂಪನಿಯೇ ಅಧಿಕೃತವಾಗಿ ಪ್ರಮಾಣಪತ್ರ ಸಲ್ಲಿಸಿತ್ತು. ಅಂದರೆ ಸರ್ಕಾರಕ್ಕೆ ಗೊತ್ತಿತ್ತು. ಇನ್ನು ಪರಿಹಾರದ ಲೆಕ್ಕ ನೋಡಿ: ಆಂಧ್ರ ಸರ್ಕಾರ ಮೃತರ ಕುಟುಂಬಕ್ಕೆ ಘೋಷಿಸಿದ್ದು ತಲಾ ಒಂದು ಕೋಟಿ. 1991ರ ವಿಮೆ ಕಾಯ್ದೆ ಒಂದು ಸಾವಿಗೆ ತಕ್ಷಣದ ಪರಿಹಾರವೆಂದು ನಿಗದಿ ಮಾಡಿದ್ದು 25 ಸಾವಿರ ರೂಪಾಯಿ, ಮೂರು ದಶಕ ಅದೇ ಅಂಕಿ ನಡೆದುಬಂದಿತ್ತು.

ನೆಲದ ಮೇಲೆ ಸೀಮೆಸುಣ್ಣದ ನಕ್ಷೆ

ವಿಶಾಖಪಟ್ಟಣದ ಆ ಪೈಪ್ ಬದಲಾವಣೆಗೆ ಒಬ್ಬ ಅಜ್ಜನಿದ್ದಾನೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ನೈಲಾನ್ ಮೂಲವಸ್ತು ತಯಾರಿಸುವ ಘಟಕ. ಸಾಲಾಗಿ ಆರು ರಿಯಾಕ್ಟರ್‌ಗಳು. 1974ರಲ್ಲಿ ಐದನೆಯದರಲ್ಲಿ ಬಿರುಕು ಕಂಡಿತು. ಉತ್ಪಾದನೆ ನಿಲ್ಲಿಸಲು ಮನಸ್ಸಿಲ್ಲ. ಐದನ್ನು ಕಿತ್ತು, ನಾಲ್ಕು ಮತ್ತು ಆರರ ನಡುವೆ ತಾತ್ಕಾಲಿಕ ಪೈಪ್ ಜೋಡಿಸಿದರು. ರಿಯಾಕ್ಟರಿನ ಬಾಯಿ 28 ಇಂಚು, ಕೈಗೆ ಸಿಕ್ಕ ಪೈಪು 20 ಇಂಚು. ಆ ಹೊತ್ತಿಗೆ ಘಟಕದ ಮುಖ್ಯ ಎಂಜಿನಿಯರ್ ಹುದ್ದೆ ಖಾಲಿ. ನಕ್ಷೆಯನ್ನು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಪೈಪಿನ ಡೊಂಕನ್ನು ಹೊರಲು ಕೆಳಗೆ ಸಾರುವೆ ಕಂಬಗಳು. ಜೂನ್ 1ರ ಶನಿವಾರ ಸಂಜೆ ಆ ಪೈಪು ಕಿತ್ತುಹೋಗಿ ಸೈಕ್ಲೊಹೆಕ್ಸೇನ್ ಮೋಡ ಸ್ಫೋಟಿಸಿತು. 28 ಜನ ಸತ್ತರು. ಶನಿವಾರವಲ್ಲದೆ ಕಚೇರಿ ತುಂಬಿದ ದಿನವಾಗಿದ್ದರೆ ಸಂಖ್ಯೆ ಎಷ್ಟೋ ಪಟ್ಟು ಏರುತ್ತಿತ್ತು.

ಅಂದಿನಿಂದ ರಾಸಾಯನಿಕ ಉದ್ಯಮದ ಪಾಠಗಳಲ್ಲಿ ಒಂದು ನಿಯಮ ಗಟ್ಟಿಯಾಗಿ ಕೂತಿತು. ಕಾರ್ಖಾನೆಯಲ್ಲಿ ಒಂದು ವಾಲ್ವ್ ಬದಲಿಸಿದರೂ, ಒಂದು ಪೈಪ್ ತಿರುಗಿಸಿದರೂ, ಇದರಿಂದ ಏನು ಕೆಡಬಹುದು ಎಂದು ನಾಲ್ಕು ವಿಭಾಗದವರು ಕೂತು ಕೇಳಿ ಸಹಿ ಹಾಕಿದ ಮೇಲೆಯೇ ಕೆಲಸ. ನಮ್ಮ ಕಾರ್ಖಾನೆಗಳಲ್ಲಿ ಇದನ್ನು ‘ಎಂಒಸಿ’ (ಮ್ಯಾನೇಜ್‌ಮೆಂಟ್ ಆಫ್ ಚೇಂಜ್) ಎಂದೇ ಕರೆಯುತ್ತಾರೆ. ಅಮೆರಿಕದಲ್ಲಿ 1989ರ ಪಾಸಡೀನಾ ಸ್ಫೋಟದಲ್ಲಿ 23 ಜನ ಸತ್ತ ಮೇಲೆ, 1992ರಲ್ಲಿ ಅದನ್ನೂ ಸೇರಿಸಿ ಹದಿನಾಲ್ಕು ಅಂಶಗಳ ಪ್ರಕ್ರಿಯಾ ಸುರಕ್ಷತಾ ನಿಯಮ ಕಡ್ಡಾಯವಾಯಿತು. ಭಾರತದಲ್ಲಿ ಅದಕ್ಕೆ ಸರಿಸಾಟಿಯಾದ ಒಂದೇ ನಿಯಮ ಇಲ್ಲ. ಒಳ್ಳೆಯ ಕಂಪನಿಗಳು ತಾವಾಗಿಯೇ ಪಾಲಿಸುತ್ತವೆ, ಉಳಿದವು ಕೇಳಿದರೆ ಮಾತ್ರ.

ನಿಯಮ ಇದ್ದ ಮಾತ್ರಕ್ಕೆ ಆಯಿತೇ? 2005ರ ಮಾರ್ಚ್‌ನಲ್ಲಿ ಟೆಕ್ಸಾಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ ಹದಿನೈದು ಜನ ಸತ್ತರು. ಗೋಪುರದೊಳಗೆ ದ್ರವ ಉಕ್ಕಿ ಮೇಲೇರುತ್ತಿದ್ದರೆ ಮಾಪಕ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು, ಎತ್ತರದ ಅಲಾರಂ ಕೈಕೊಟ್ಟಿತ್ತು. ಆ ಘಟಕ ಆಗಷ್ಟೇ ಕೈಕಾಲು ಗಾಯಗಳ ಲೆಕ್ಕದಲ್ಲಿ ಒಳ್ಳೆಯ ಅಂಕ ಪಡೆದಿತ್ತು. ನಮ್ಮ ಕಾರ್ಖಾನೆಗಳ ಗೇಟಿನಲ್ಲಿ ಹಸಿರು ಫಲಕ ನೋಡಿರುತ್ತೀರಿ, ‘ಅಪಘಾತರಹಿತ ದಿನಗಳು: ಇಷ್ಟು’ ಎಂದು ಬರೆದದ್ದು. ಅದು ಎಣಿಸುವುದು ಜಾರಿ ಬಿದ್ದವರನ್ನು, ಬೆರಳು ಕೊಯ್ದುಕೊಂಡವರನ್ನು. ತುಕ್ಕು ಹಿಡಿಯುತ್ತಿರುವ ಪೈಪು, ಬೈಪಾಸ್ ಮಾಡಿಟ್ಟ ಅಲಾರಂ, ದಿನಾಂಕ ಮೀರಿದ ಸೇಫ್ಟಿ ವಾಲ್ವ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಸಾವಿರ ದಿನ ತುಂಬಿದ ಫಲಕದ ಕೆಳಗೆ ಸಿಹಿ ಹಂಚುವ ದಿನವೇ ಒಳಗೆ ಒಂದು ತೊಟ್ಟಿ ಬಿಸಿಯಾಗುತ್ತಿರಬಹುದು.

ಅಮೆರಿಕದ ರಾಸಾಯನಿಕ ಕಂಪನಿ ಡ್ಯುಪಾಂಟ್ ಭೋಪಾಲದ ನಂತರ ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ಮಿಥೈಲ್ ಐಸೊಸೈನೇಟನ್ನು ತೊಟ್ಟಿಗಳಲ್ಲಿ ತುಂಬಿಡುವ ಬದಲು, ಬೇಕಾದಷ್ಟನ್ನು ತಯಾರಿಸಿದ ಕೂಡಲೇ ಮುಂದಿನ ಹಂತದಲ್ಲಿ ಬಳಸಿಬಿಡುವ ವಿಧಾನ. ಇಲ್ಲದ ವಸ್ತು ಸೋರುವುದಿಲ್ಲ ಎಂಬ ವಿಚಾರವನ್ನು ಬ್ರಿಟನ್ನಿನ ಐಸಿಐ ಕಂಪನಿಯ ಟ್ರೆವರ್ ಕ್ಲೆಟ್ಜ್ ಭೋಪಾಲಕ್ಕೆ ಆರು ವರ್ಷ ಮೊದಲೇ ಮಂಡಿಸಿದ್ದರು. ಕ್ಲೋರಿನ್ ಟನ್ನರ್‌ಗಳ ಬದಲು ಉಪ್ಪುನೀರಿನಿಂದ ಸ್ಥಳದಲ್ಲೇ ಹೈಪೊಕ್ಲೋರೈಟ್ ತಯಾರಿಸುವ ಯಂತ್ರಗಳೂ ಇದೇ ಜಾತಿಗೆ ಸೇರಿದವು. ದುಡ್ಡು ಹೆಚ್ಚು, ತಲೆನೋವು ಕಡಿಮೆ.

ಪಟ್ಟಿಯ ಹೊರಗೆ

ಪಟ್ಟಿ ಎಷ್ಟೇ ಉದ್ದವಿದ್ದರೂ ಅದರ ಹೊರಗೆ ಉಳಿಯುವವರೇ ಹೆಚ್ಚು. ಮಲ್ಪೆ, ಮಂಗಳೂರಿನ ಐಸ್ ಪ್ಲಾಂಟುಗಳಲ್ಲಿ ಅಮೋನಿಯಾ ಇದೆ, ಆದರೆ ಆ ಅನಿಲಕ್ಕೆ ಮಿತಿ 60 ಟನ್; ಮೀನಿಗೆ ಮಂಜುಗಡ್ಡೆ ಮಾಡುವ ಯಾವ ಘಟಕವೂ ಅದರ ಹತ್ತಿರಕ್ಕೂ ಹೋಗದು. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಬಾಪೂಜಿನಗರದ ಪಕ್ಕ ಹೊಸಗುಡ್ಡದಹಳ್ಳಿಯಲ್ಲಿ ಮನೆಗಳ ನಡುವಿನ ಒಂದು ರಾಸಾಯನಿಕ ಗೋದಾಮು ಗಂಟೆಗಟ್ಟಲೆ ಹೊತ್ತಿ ಉರಿಯಿತು. ದ್ರಾವಕದ ಡ್ರಮ್ಮುಗಳು ಒಂದರ ಹಿಂದೊಂದು ಸಿಡಿಯುತ್ತಿದ್ದವು, ಅಕ್ಕಪಕ್ಕದವರು ಉಟ್ಟ ಬಟ್ಟೆಯಲ್ಲೇ ಹೊರಗೋಡಿದರು. ಬೆಂಕಿ ಹೊತ್ತುವವರೆಗೆ ಆ ಬೀದಿಯವರಿಗೆ ಅಲ್ಲಿ ಏನಿದೆಯೆಂಬುದೇ ಗೊತ್ತಿರಲಿಲ್ಲ. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ ನಲವತ್ತಕ್ಕೂ ಹೆಚ್ಚು ಕಾರ್ಮಿಕರನ್ನು ಬಲಿ ಪಡೆದ ಘಟಕ ತಯಾರಿಸುತ್ತಿದ್ದದ್ದು ಮೈಕ್ರೊಕ್ರಿಸ್ಟಲಿನ್ ಸೆಲ್ಯುಲೋಸ್, ಮಾತ್ರೆಗಳಿಗೆ ಆಕಾರ ಕೊಡಲು ಬೆರೆಸುವ ಬಿಳಿ ಪುಡಿ. ಅದು ವಿಷವಲ್ಲ, ನಾವು ದಿನವೂ ನುಂಗುತ್ತೇವೆ. ಗಾಳಿಯಲ್ಲಿ ತೇಲುವ ನವಿರು ಪುಡಿ ಕಿಡಿ ಸಿಕ್ಕರೆ ಸಿಡಿಯುತ್ತದೆ ಎಂಬುದು ಶತಮಾನದ ಹಳೆಯ ತಿಳಿವಳಿಕೆ. ಅಲ್ಲೂ ಶಂಕೆ ಬಿದ್ದದ್ದು ಪುಡಿ ಒಣಗಿಸುವ ವಿಭಾಗದ ಮೇಲೆಯೇ.

ತಪಾಸಣೆಯ ಮಾತಿಗೆ ಬಂದರೆ ಇಬ್ಬರ ದೂರೂ ನಿಜ. ಇನ್‌ಸ್ಪೆಕ್ಟರ್ ಬಂದರೆ ಕಿರುಕುಳ ಎನ್ನುವ ಸಣ್ಣ ಉದ್ಯಮಿಯ ಮಾತಿನಲ್ಲಿ ಸುಳ್ಳಿಲ್ಲ. ನೂರಾರು ಕಾರ್ಖಾನೆಗೆ ಒಬ್ಬ ಅಧಿಕಾರಿ, ಓಡಾಡಲು ಜೀಪೂ ಇಲ್ಲ ಎನ್ನುವ ಇಲಾಖೆಯವರ ಗೊಣಗಾಟದಲ್ಲೂ ಸುಳ್ಳಿಲ್ಲ. 2025ರ ನವೆಂಬರ್ 21ರಂದು ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ತಪಾಸಣೆಯನ್ನು ಗಣಕದ ಲಾಟರಿಗೆ ಒಪ್ಪಿಸಿದೆ, ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದೆ. ಪರಿಸರ ಕಾಯ್ದೆಯ ಉಲ್ಲಂಘನೆಗೆ ಇದ್ದ ಜೈಲುಶಿಕ್ಷೆ 2024ರ ಏಪ್ರಿಲ್‌ನಿಂದ ಹೋಗಿ, ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗಿನ ದಂಡ ಬಂದಿದೆ. ಉದ್ಯಮಸ್ನೇಹಿ ಎಂದು ಸರ್ಕಾರ ಹೇಳಬಹುದು. ಹದಿನೈದು ಲಕ್ಷ ದೊಡ್ಡ ರಾಸಾಯನಿಕ ಕಂಪನಿಗೆ ಯಾವ ಲೆಕ್ಕ? ಇನ್ನು ಆ ‘ಹೊರಗಿನ ತಜ್ಞ’ ಆಡಿಟರ್. ಅವನನ್ನು ಆರಿಸುವುದೂ ಕಾರ್ಖಾನೆ, ಶುಲ್ಕ ಕೊಡುವುದೂ ಕಾರ್ಖಾನೆ. ಮದುವೆಯ ಅಡುಗೆ ಹೇಗಿದೆ ಎಂದು ಅಡುಗೆ ಕಂಟ್ರಾಕ್ಟರನ ಭಾವಮೈದುನನನ್ನೇ ಕೇಳಿದಂತೆ. ನಿಷ್ಠುರವಾಗಿ ಬರೆಯುವ ಆಡಿಟರ್‌ಗಳು ಇದ್ದಾರೆ, ಅವರಿಗೆ ಮುಂದಿನ ವರ್ಷ ಕರೆ ಬರುತ್ತದೆಯೇ ಎಂಬುದು ಬೇರೆ ಮಾತು. ಆಡಿಟರನ್ನು ಇಲಾಖೆಯೇ ಸರದಿಯಲ್ಲಿ ನೇಮಿಸಿ, ಶುಲ್ಕವನ್ನು ಒಂದು ನಿಧಿಗೆ ಕಟ್ಟಿಸಿಕೊಂಡರೆ ಅರ್ಧ ರೋಗ ವಾಸಿಯಾದೀತು.

ಮಾಕ್ ಡ್ರಿಲ್ ನೋಡಿದವರಿಗೆ ಗೊತ್ತು. ದಿನಾಂಕ ಮೊದಲೇ ನಿಗದಿ, ಸಮಯ ಬೆಳಿಗ್ಗೆ ಹನ್ನೊಂದು, ಅತಿಥಿಗಳಿಗೆ ಶಾಮಿಯಾನ. ಸೈರನ್ ಆಗುತ್ತದೆ, ಸಮವಸ್ತ್ರದವರು ಓಡುತ್ತಾರೆ, ‘ಗಾಯಾಳು’ ಸ್ಟ್ರೆಚರಿನ ಮೇಲೆ ನಗು ತಡೆದುಕೊಂಡು ಮಲಗಿರುತ್ತಾನೆ, ಫೋಟೋ, ತಿಂಡಿ. ಭೋಪಾಲದಲ್ಲಿ ನಡುರಾತ್ರಿ, ವಿಶಾಖಪಟ್ಟಣದಲ್ಲಿ ನಸುಕಿನ ಮೂರು. ರಾತ್ರಿ ಮೂರನೇ ಪಾಳಿಯಲ್ಲಿ, ಸೇಫ್ಟಿ ಆಫೀಸರ್ ಮನೆಯಲ್ಲಿ ಮಲಗಿದ್ದಾಗ, ಹೇಳದೆ ಕೇಳದೆ ನಡೆಸಿದ ಡ್ರಿಲ್ಲಿನ ವರದಿಯನ್ನು ಯಾರಾದರೂ ನನಗೆ ತೋರಿಸಿದರೆ ಸಂತೋಷ.

1996ರ ನಿಯಮಗಳು ಮಾಡಿದ ಒಳ್ಳೆಯ ಕೆಲಸವೊಂದಿದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಭಾರಿ ಅಪಾಯದ ಘಟಕಗಳಿರುವ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಬಿಕ್ಕಟ್ಟು ನಿರ್ವಹಣಾ ತಂಡ ಇರಬೇಕು, 45 ದಿನಕ್ಕೊಮ್ಮೆ ಸಭೆ ಸೇರಬೇಕು. ಅದರ ಕೆಳಗೆ, ಕೈಗಾರಿಕಾ ಪ್ರದೇಶದ ಮಟ್ಟದಲ್ಲಿ, ಸ್ಥಳೀಯ ತಂಡ ತಿಂಗಳಿಗೊಮ್ಮೆ. ಕಾರ್ಖಾನೆಯ ಗೋಡೆಯಾಚೆಗಿನ ತುರ್ತು ಯೋಜನೆ ಬರೆಯುವ, ವರ್ಷಕ್ಕೊಮ್ಮೆ ಅದರ ತಾಲೀಮು ನಡೆಸುವ ಹೊಣೆಯೂ ಜಿಲ್ಲಾಡಳಿತದ್ದೇ. ದೇಶದಲ್ಲಿ ಇಂಥ ಘಟಕಗಳು 1,861 ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹಿಂದೊಮ್ಮೆ ಲೆಕ್ಕ ಕೊಟ್ಟಿತ್ತು. ನಮ್ಮ ಬೈಕಂಪಾಡಿ, ನಂಜನಗೂಡು, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕಡೆಯವರಿಗೆ ಇದು ದೂರದ ಸುದ್ದಿಯಲ್ಲ.

1989ರ ನಿಯಮಗಳ ಹದಿನೈದನೆಯದು ಇನ್ನೂ ಸರಳ. ಅಪಘಾತವಾದರೆ ತೊಂದರೆಗೀಡಾಗಬಹುದಾದ ಹೊರಗಿನ ಜನರಿಗೆ ಅಪಾಯದ ಸ್ವರೂಪ, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕಾರ್ಖಾನೆಯವರು ಮೊದಲೇ ತಿಳಿಸಬೇಕು. ಭೋಪಾಲವನ್ನೇ ನೋಡಿ. ಮಿಥೈಲ್ ಐಸೊಸೈನೇಟ್ ನೀರಿನೊಂದಿಗೆ ಪ್ರತಿಕ್ರಿಯಿಸುತ್ತದೆ, ಹಾಗಾಗಿ ಒದ್ದೆ ಬಟ್ಟೆ ಅದನ್ನು ಒಂದಷ್ಟು ತಡೆಯುತ್ತದೆ. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ, ಗಾಳಿ ಬೀಸುವ ದಿಕ್ಕಿನಲ್ಲಿ ಓಡಬೇಡಿ ಎಂಬ ಎರಡು ವಾಕ್ಯ ಭೋಪಾಲದವರಿಗೆ ತಿಳಿದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಅಲ್ಲಿ ಜನ ಗಾಳಿಯ ಜೊತೆಗೇ ಓಡಿದರು, ಓಡಿದಷ್ಟೂ ಆಳವಾಗಿ ಉಸಿರೆಳೆದರು. ಇಂಥ ವಾಕ್ಯಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಸುತ್ತಲ ಹಳ್ಳಿಗಳ ಮನೆಮನೆಗೆ, ಅಂಗನವಾಡಿಗೆ, ಶಾಲೆಗೆ ಹಂಚಲು ಒಂದು ಟನ್ನರ್ ಕ್ಲೋರಿನ್ನಿನಷ್ಟೂ ಖರ್ಚಾಗದು. ನಿಮ್ಮ ಮನೆ ಯಾವುದಾದರೂ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿದ್ದು ಅಂಥ ಹಾಳೆ ಈವರೆಗೆ ಬಂದಿಲ್ಲವಾದರೆ, ಜಿಲ್ಲಾ ಬಿಕ್ಕಟ್ಟು ತಂಡದ ಕಳೆದ ಮೂರು ಸಭೆಗಳ ನಡಾವಳಿಯನ್ನೂ ಆವರಣದಾಚೆಗಿನ ತುರ್ತು ಯೋಜನೆಯ ಪ್ರತಿಯನ್ನೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಬರಬೇಕು.